ಎಲೆ ಮುಂದೆ ಕೂತವರನ್ನು ಯಾರೆಂದು ಕೇಳಿದ ದಿನ

ನಮ್ಮ ಕಡೆ ಬೀಗರೂಟದಲ್ಲಿ ಎಲೆ ಮುಂದೆ ಕೂತವರನ್ನು ನೀವು ಯಾರು ಅಂತ ಕೇಳುವ ಪದ್ಧತಿ ಇಲ್ಲ. ಮದುವೆಯಾದ ಮೇಲೆ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನೆಲ್ಲ ಕರೆದು ಬಾಡೂಟ ಹಾಕುತ್ತಾರಲ್ಲ, ಆ ಊಟದ ಮಾತು ಹೇಳುತ್ತಿದ್ದೇನೆ. ಗುರುತಿಲ್ಲದ ಮುಖ ಕಂಡರೆ ಹೆಣ್ಣಿನ ಕಡೆಯವರು ಇವನು ಗಂಡಿನ ಕಡೆಯವನಿರಬೇಕು ಅಂದುಕೊಳ್ಳುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವನಿರಬೇಕು ಅಂದುಕೊಳ್ಳುತ್ತಾರೆ. ಇಬ್ಬರೂ ಸೇರಿ ಅವನಿಗೆ ಇನ್ನೊಂದು ಮುದ್ದೆ ಹಾಕಿಸುತ್ತಾರೆ. ಕೇಳಿದರೆ ಅವಮಾನ. ಕೂತವನಿಗೂ ಅವಮಾನ, ಕರೆದ ಮನೆಗೂ ಅವಮಾನ.

ಈ ಪದ್ಧತಿಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಮ್ಮಿ. ಪಾಂಡವಪುರದಲ್ಲಿ ನನ್ನದು ಪಾತ್ರೆ, ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ, ಅಸ್ಥಿ ಬಿಡಲು ಬಂದವರಿಗೆ ಅಡುಗೆ ಮಾಡಿಕೊಡುವವರ ಹತ್ತಿರ ಪಾತ್ರೆ ಉಜ್ಜುತ್ತಿದ್ದೆ. ಉಜ್ಜುತ್ತಾ ಉಜ್ಜುತ್ತಾ ಪಾತ್ರೆ ನಮ್ಮದೇ ಆದರೆ ಹೇಗೆ ಅನ್ನಿಸಿತು. ಹಳೆಯ ಕೊಪ್ಪರಿಗೆಗಳನ್ನು ಚೌಕಾಸಿ ಮಾಡಿ ಕೊಂಡು, ಕಲಾಯಿ ಹಾಕಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಶುರು ಮಾಡಿದವನು ನಾನು. ಈಗ ನಾಗಮಂಗಲ, ಕೆ.ಆರ್. ಪೇಟೆ ಕಡೆಗೂ ನನ್ನ ಗಾಡಿ ಹೋಗುತ್ತದೆ. ಹೊಸದಾಗಿ ಅಂಗಡಿ ಹಾಕುವವರು ಕೇಳಿದರೆ ನಾನು ಹೇಳುವುದು ಒಂದೇ: ಕೊಡುವಾಗ ಮುಚ್ಚಳ ಎಣಿಸಿ ಕೊಡಿ, ಬರುವಾಗ ಮುಚ್ಚಳ ಎಣಿಸಿ ತೆಗೆದುಕೊಳ್ಳಿ. ಕೊಪ್ಪರಿಗೆಯನ್ನು ಯಾರೂ ಕಳೆಯುವುದಿಲ್ಲ. ಕೇಳದಿದ್ದವರಿಗೂ ಇದನ್ನು ಹೇಳುತ್ತೇನೆ. ಬುದ್ಧಿ ಹೇಳುವುದು ನನಗೆ ಚಟ. ಯಾರ ಮನೆಯಲ್ಲಿ ಎಷ್ಟು ಕುರಿ ಕಡಿಯಬೇಕು, ಯಾವ ಬೀಗರನ್ನು ಮೊದಲ ಪಂಕ್ತಿಗೆ ಕೂರಿಸಬೇಕು ಎಂಬುದಕ್ಕೂ ನನ್ನನ್ನು ಕೇಳುತ್ತಿದ್ದರು. ಕೇಳುತ್ತಿದ್ದರು ಅಂತಲೇ ಬರೆಯುತ್ತೇನೆ.

ನನ್ನ ಮೊದಲ ಗಿರಾಕಿ ದೇವಲಾಪುರ ಕಡೆಯ ಒಬ್ಬ ರೈತ. ರಾಗಿ, ಹುರುಳಿ ಬೆಳೆದು, ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆ. ಅವನ ಹೊಸ ಮನೆ ಪ್ರವೇಶಕ್ಕೆ ನಾನು ಕೊಟ್ಟ ಪಾತ್ರೆ ಸಾಲದೆ ಹೋಯಿತು. ಅವನು ಅಕ್ಕಪಕ್ಕದ ಮನೆಗಳಿಂದ ತಪ್ಪಲೆ ತಂದು ಕಾರ್ಯ ಮುಗಿಸಿದ. ಪಾತ್ರೆ ಕಮ್ಮಿ ಬಿತ್ತು ಅಂತ ಒಬ್ಬರ ಮುಂದೂ ಅನ್ನಲಿಲ್ಲ. ಅಂದಿದ್ದರೆ ಆ ಹೋಬಳಿಯಲ್ಲಿ ನನಗೆ ಇನ್ನೊಂದು ಕಾರ್ಯ ಸಿಗುತ್ತಿರಲಿಲ್ಲ. ಅವತ್ತಿನಿಂದ ಅವನು ನನಗೆ ಬಾವ, ಅವನ ಹೆಂಡತಿ ಅಕ್ಕ. ರಕ್ತಸಂಬಂಧ ಏನೂ ಇಲ್ಲ. ಅಕ್ಕನಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲದ್ದರಿಂದ ಅವರ ಮಗಳು ನನ್ನನ್ನು ಮಾವ ಎಂದು ಕರೆದುಕೊಂಡೇ ಬೆಳೆದಳು. ಅವಳ ಮದುವೆ ಸಂತೆಬಾಚಹಳ್ಳಿ ಹತ್ತಿರದ ಒಂದು ದೊಡ್ಡ ಮನೆಗೆ ಗೊತ್ತಾಯಿತು. ಸೋದರಮಾವನ ಜಾಗದಲ್ಲಿ ನಿಂತು ಅವಳ ಕೈ ಹಿಡಿದು ಹಸೆಮಣೆಗೆ ಕರೆತಂದವನು ನಾನೇ.

ಮದುವೆ ಮುಗಿಯುತ್ತಿದ್ದ ಹಾಗೇ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಬೀಗರೂಟ ಇನ್ನೂ ಬಾಕಿ ಇತ್ತು.

ನೀತಿ ಸಂಹಿತೆ ಬಂದಾಗ ಛತ್ರದವರು, ಪ್ರಿಂಟಿಂಗ್ ಪ್ರೆಸ್ಸಿನವರು, ನಮ್ಮಂಥ ಶಾಮಿಯಾನದವರನ್ನೆಲ್ಲ ಕರೆದು ಅಧಿಕಾರಿಗಳು ಸಭೆ ಮಾಡುತ್ತಾರೆ. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಷದವರಾಗಲಿ ಅಭ್ಯರ್ಥಿಯಾಗಲಿ ಮತದಾರರಿಗೆ ಊಟ, ಉಡುಗೊರೆ ಕೊಡುವ ಹಾಗಿಲ್ಲ ಎಂದರು. ಮದುವೆ, ಬೀಗರೂಟ ಮನೆಯವರ ಸ್ವಂತ ಕಾರ್ಯ, ಅದಕ್ಕೆ ಅಡ್ಡಿಯಿಲ್ಲ ಎಂದರು. ಆದರೆ ಅದರ ನೆಪದಲ್ಲಿ ಪಕ್ಷದ ಊಟ ಹಾಕಿದರೆ, ಹಾಕಿಸಿದವರ ಮೇಲೂ, ಮನೆಯವರ ಮೇಲೂ ಕೇಸು ಎಂದರು. ಸಭೆಯಲ್ಲಿದ್ದ ಬೇರೆಯವರಿಗೆ ಕೇಸು ಎಂಬ ಮಾತು ಕಿವಿಗೆ ಬಿತ್ತು. ನನ್ನ ಕಿವಿಗೆ ಬಿದ್ದದ್ದು ಅಡ್ಡಿಯಿಲ್ಲ ಎಂಬ ಮಾತು. ವ್ಯಾಪಾರ ಮಾಡುವವನ ಕಿವಿ ಹಾಗೇ ಇರುತ್ತದೆ.

ಅದಾದ ಕೆಲವು ದಿನಕ್ಕೆ ನಾಗಮಂಗಲದ ಕಡೆಯ ಒಬ್ಬ ಮುಖಂಡ ಅಂಗಡಿಗೆ ಬಂದ. ಒಬ್ಬ ಅಭ್ಯರ್ಥಿಯ ಪರವಾಗಿ ಆ ಹೋಬಳಿ ನೋಡಿಕೊಳ್ಳುತ್ತಿದ್ದವನು. ಅವನ ಸಭೆಗಳಿಗೆ ಕುರ್ಚಿ ಹಾಕಿಸಿ ನನಗೆ ಪರಿಚಯ.

"ನಮ್ ಹುಡುಗ್ರು ಬಿಸ್ಲಲ್ಲಿ ಊರೂರು ಅಲೀತಾವ್ರೆ ಕಣಣ್ಣ. ಒಂದು ತುತ್ತು ಬಾಡು ಹಾಕ್ಸಾಣ ಅಂದ್ರೆ ಯಾರೂ ಪಾತ್ರೆ ಕೊಡಕಿಲ್ಲ ಅಂತಾರೆ. ತೋಟದಲ್ಲಿ ಎಲ್ಲಾದ್ರೂ ಮಾಡ್ಬುಡಾಣ್ವಾ?"

"ತೋಟದಲ್ಲಿ ಮಾಡಿದ್ರೆ ಹೊಗೆ ನೋಡ್ಕೊಂಡೇ ಬತ್ತಾರೆ," ಅಂದೆ. "ಊಟ ಎಲ್ಲಿರ್ಬೇಕೋ ಅಲ್ಲಿದ್ರೆ ಯಾರೂ ಕೇಳಕಿಲ್ಲ."

"ಎಲ್ಲಿರ್ಬೇಕು?"

"ಬೀಗರೂಟದಲ್ಲಿ."

ಅವನು ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. "ನೀನು ಈ ಪಾತ್ರೆ ಮಧ್ಯ ಯಾಕೆ ಕುಂತಿದ್ದೀಯಣ್ಣ? ಎಲೆಕ್ಷನ್‌ಗೆ ನಿಂತ್ಕಬೇಕಿತ್ತು."

ಆ ಮಾತು ನನಗೆ ಖುಷಿ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ಅಲ್ಲೇ ಮಾತು ಮುಗಿಸಿದೆವು. ಕುರಿ ಅವರವು. ಗೆದ್ದ ಮೇಲಿನ ಸಭೆಗಳ ಶಾಮಿಯಾನ ನನ್ನದು. ಬಾವನಿಗೆ ಊಟದ ಖರ್ಚು ಹಗುರಾಗುತ್ತದೆ, ದೊಡ್ಡ ಮನೆಯ ಬೀಗರ ಮುಂದೆ ದೊಡ್ಡ ಊಟ ಹಾಕಿದ ಹಾಗೂ ಆಗುತ್ತದೆ. ಮೂರು ಕಡೆಗೂ ಲಾಭ ಬರುವ ವ್ಯಾಪಾರ ದಿನಾ ಸಿಗುವುದಿಲ್ಲ ಅಂದುಕೊಂಡು ಮಾರನೆಯ ದಿನವೇ ದೇವಲಾಪುರದ ಬಸ್ಸು ಹತ್ತಿದೆ.

ಬಾವ ಹಸುಗಳಿಗೆ ಬೂಸಾ ಕಲಸುತ್ತಿದ್ದ. ನಾನು ಹೇಳುವುದನ್ನೆಲ್ಲ ಕೈ ನಿಲ್ಲಿಸದೆ ಕೇಳಿದ. ಅಕ್ಕ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು.

"ನನ್ ಮಗಳ ಊಟಕ್ಕೆ ಯಾರ್ಯಾರೋ ಯಾಕ್ ಬರ್ಬೇಕು?"

"ಅಕ್ಕ, ಉಣ್ಣಕ್ಕೆ ಬಂದೋರ್ನ ನಮ್ ಕಡೆ ಯಾರಾದ್ರೂ ನೀನ್ಯಾರು ಅಂತ ಕೇಳ್ತಾರಾ?"

"ಕೇಳಕಿಲ್ಲ. ಅದ್ಕೇ ತಾನೆ ನೀನು ಅವರ್ನ ಇಲ್ಲಿಗೆ ಕರ್ಕೊಂಡ್ ಬತ್ತಿರೋದು."

ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಬಾವ ಕೈ ತೊಳೆದುಕೊಂಡು ಬಂದ. "ಇದ್ರಿಂದ ಏನೂ ತೊಂದ್ರೆ ಇಲ್ವಾ? ಆಮೇಲೆ ಬೀಗರ ಮುಂದೆ ತಲೆ ತಗ್ಗಂಗೆ ಆಗ್ಬಾರ್ದು ನೋಡು."

"ಬೀಗರೂಟಕ್ಕೆ ಅಡ್ಡಿ ಇಲ್ಲ ಅಂತ ಅಧಿಕಾರಿಗಳೇ ಹೇಳವ್ರೆ ಬಾವ. ನಾನೇ ಸಭೇಲಿ ಕುಂತು ಕೇಳ್ಕೊಂಡು ಬಂದಿವ್ನಿ."

"ಮೀಟಿಂಗ್ಗೆ ಓಗಿ ಬಂದೋನು ನೀನು. ತಪ್ಪಿಲ್ಲ ಅಂದ್ರೆ ತಪ್ಪಿಲ್ಲ," ಅಂದ ಬಾವ.

ಆ ಸಭೆಯಲ್ಲಿ ಹೇಳಿದ ಮಾತಿನ ಉಳಿದರ್ಧವನ್ನು ನಾನು ಅವನಿಗೆ ಹೇಳಲಿಲ್ಲ. ಮರೆತಿರಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ಯಾವ ಮಾತು ಹೇಳಬೇಕು, ಯಾವುದು ಬೇಡ ಅಂತ ಬೇರೆ ಮಾಡಿ ಇಟ್ಟುಕೊಂಡಿದ್ದೆ.

ಬೀಗರೂಟದ ದಿನ ಮನೆ ಪಕ್ಕದ ಹೊಲದಲ್ಲಿ ಶಾಮಿಯಾನ ಹಾಕಿಸಿದೆ. ಹೊಸ ಪಾತ್ರೆಗಳನ್ನೇ ಕಳಿಸಿದ್ದೆ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕಬಾಬು, ಅನ್ನ, ಎಲ್ಲ ನನ್ನ ಮೇಲ್ವಿಚಾರಣೆ. ಗಂಡಿನ ಕಡೆಯವರು ವ್ಯಾನುಗಳಲ್ಲಿ ಬಂದಿಳಿದರು. ಅವರ ಮನೆಗೆಲ್ಲ ಹಿರಿಯ, ಗಂಡಿನ ದೊಡ್ಡಪ್ಪ. ಬಿಳಿ ಪಂಚೆಯ ಎತ್ತರದ ಮನುಷ್ಯ. ಊಟ ಮುಗಿಸಿ ಸಂಜೆಗೆ ಹೆಣ್ಣನ್ನು ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಹುಡುಗಿಯ ಬಟ್ಟೆಬರೆಯ ಚೀಲ ನಡುಮನೆಯಲ್ಲಿ ತಯಾರಾಗಿತ್ತು.

ಮುಖಂಡನ ಹುಡುಗರೂ ಬೈಕುಗಳಲ್ಲಿ ಬಂದರು. ಶಾಲು, ಬ್ಯಾಡ್ಜು ಬೇಡ, ಸುಮ್ಮನೆ ಬಂದು ಉಂಡು ಹೋಗಿ ಅಂತ ನಾನೇ ಹೇಳಿಕೊಟ್ಟಿದ್ದೆ. ಅವರು ಹಾಗೇ ಮಾಡಿದರು. ಮನೆಗೆ ಹೋಗಿ ಗಂಡು ಹೆಣ್ಣಿಗೆ ಕೈಮುಗಿದು ಬರಬೇಕು ಎಂಬುದನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ. ನೆಂಟರಾದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲವಲ್ಲ. ಅವರು ನೇರ ಎಲೆ ಮುಂದೆ ಕೂತರು.

ಬೀಗರ ಪಂಕ್ತಿಗೆ ಮುದ್ದೆ ಬಡಿಸಿದ್ದೇ ತಡ, ಫ್ಲೈಯಿಂಗ್ ಸ್ಕ್ವಾಡಿನ ಜೀಪು ಬಂದು ನಿಂತಿತು. ಯಾರೋ ಫೋನ್ ಮಾಡಿದ್ದರು. ಇಳಿದವನು ಚುನಾವಣೆ ಕೆಲಸಕ್ಕೆ ಹಾಕಿದ್ದ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ. ಜೊತೆಗೆ ಕ್ಯಾಮೆರಾ ಹಿಡಿದವನು, ಒಬ್ಬ ಪೊಲೀಸ್ ಪೇದೆ. ಅಧಿಕಾರಿ ಬಾವನಿಗೆ ನಮಸ್ಕಾರ ಮಾಡಿ, ಲಗ್ನಪತ್ರಿಕೆ ತರಿಸಿಕೊಂಡು ಓದಿ, ವಾಪಸ್ಸು ಕೊಟ್ಟ. ಸದ್ಯ ಮುಗಿಯಿತು ಅಂದುಕೊಂಡೆ. ಅವನು ಜೀಪಿನ ಕಡೆ ಹೋಗದೆ ಪಂಕ್ತಿಗಳ ನಡುವೆ ನಡೆದು, ಮೂಳೆ ಚೀಪುತ್ತಿದ್ದ ಒಬ್ಬನ ಮುಂದೆ ನಿಂತ.

"ಊಟ ಮಾಡಿ. ನೀವು ಯಾರ ಕಡೆಯವರು?"

"ಹೆಣ್ಣಿನ ಕಡೆ ಸಾರ್."

"ಹುಡುಗಿ ಹೆಸರೇನು?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು, "ಪಾಪು ಅಂತ ಕರೀತೀವಿ ಸಾರ್ ಮನೇಲಿ," ಅಂದ.

ಅಧಿಕಾರಿ ಅದರಾಚೆಯ ಎಲೆಯವನ ಕಡೆ ತಿರುಗಿದ. "ನೀವು?"

"ನಾವು ಗಂಡಿನ ಕಡೆ."

"ಹುಡುಗನ್ನ ತೋರಿಸಿ."

ಅವನು ಎಂಜಲು ಕೈಯಲ್ಲೇ ತೋರಿಸಿದ. ಅವನು ತೋರಿಸಿದ್ದು ಹೊಸ ಅಂಗಿ ಹಾಕಿಕೊಂಡು ನಿಂತಿದ್ದ ನನ್ನ ವ್ಯಾನ್ ಡ್ರೈವರನ್ನು. ಬಡಿಸುತ್ತಿದ್ದವರಲ್ಲೊಬ್ಬ ಕಿಸಕ್ಕನೆ ನಕ್ಕ. ಕ್ಯಾಮೆರಾ ಓಡುತ್ತಿತ್ತು. ಅಧಿಕಾರಿ ಸಾಲು ಹಿಡಿದು ಕೇಳುತ್ತಾ ಬಂದ. ಯಾವ ಎಲೆ ಯಾರದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ತಿರುವಿನಲ್ಲಿ ಕೂತಿದ್ದ ಗಂಡಿನ ದೊಡ್ಡಪ್ಪನನ್ನೂ ಅದೇ ದನಿಯಲ್ಲಿ ಕೇಳಿದ, ನೀವು ಯಾರು, ಯಾರು ಕರೆದರು ಅಂತ. ದೊಡ್ಡಪ್ಪ ಮುರಿದಿದ್ದ ಮುದ್ದೆಯನ್ನು ಎಲೆಯ ಮೇಲೆ ಹಾಗೇ ಇಟ್ಟ.

ಪೇದೆ ಕೊಪ್ಪರಿಗೆಯ ಮೇಲಿದ್ದ ನನ್ನ ಅಂಗಡಿಯ ಹೆಸರು ಓದಿದ. ಅಧಿಕಾರಿ ನನ್ನನ್ನು ಕರೆದ.

"ಈ ಊಟ ನಿಜವಾಗಿ ಯಾರದ್ದು? ನಿಮಗೂ ಈ ಮನೆಗೂ ಏನು ಸಂಬಂಧ?"

ಕ್ಯಾಮೆರಾ ನನ್ನ ಮುಖದ ಮುಂದಿತ್ತು. ಅಂಗಡಿ, ಲೈಸೆನ್ಸು, ಕೇಸು ಎಲ್ಲ ಒಟ್ಟಿಗೆ ತಲೆಗೆ ಬಂದವು.

"ಸಂಬಂಧ ಏನೂ ಇಲ್ಲ ಸಾರ್," ಅಂದೆ. "ನಾನು ಪಾತ್ರೆಯವನು, ಅಷ್ಟೆ."

ಹುಡುಗಿ ಅಲ್ಲೇ ಬಾಗಿಲಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದಳು. ಅವಳು ತಲೆ ಎತ್ತಿ ನೋಡಿದ್ದು ನನಗೆ ಗೊತ್ತಾಯಿತು. ನಾನು ಅತ್ತ ತಿರುಗಲಿಲ್ಲ.

ಬಾವ ಮುಂದೆ ಬಂದ. "ಊಟ ನಂದು ಸಾರ್. ಎಲೆ ಮುಂದೆ ಕುಂತೋರೆಲ್ಲ ನಾನು ಕರ್ದೋರೇ. ಅವರ್ನ ಏನೂ ಕೇಳ್ಬೇಡಿ, ನನ್ನ ಕೇಳಿ." ನನ್ನ ಕಡೆ ಅವನು ಬೆರಳು ತೋರಿಸಲಿಲ್ಲ, ಮುಖಂಡನ ಹೆಸರನ್ನೂ ಎತ್ತಲಿಲ್ಲ. ಮುಖಂಡನ ಹುಡುಗರು ಅಷ್ಟರಲ್ಲಿ ಕೈ ತೊಳೆಯುವ ನೆಪದಲ್ಲಿ ಒಬ್ಬೊಬ್ಬರೇ ಬೈಕು ಹತ್ತಿದ್ದರು. ಅಧಿಕಾರಿ ಬಡಿಸುವುದನ್ನು ನಿಲ್ಲಿಸಿ, ಬಾವನ ಹೆಸರು ಬರೆದುಕೊಂಡ. ಅವನು ಮಾಡಿದ್ದು ಅವನ ಕೆಲಸ. ಒರಟಾಗಿ ಒಂದು ಮಾತೂ ಆಡಲಿಲ್ಲ.

ಜೀಪು ಹೋದ ಮೇಲೆ ಗಂಡಿನ ದೊಡ್ಡಪ್ಪ ಎದ್ದ. ಅವನು ಎದ್ದದ್ದು ನೋಡಿ ಅವರ ಕಡೆಯ ಎಲ್ಲರೂ ಅರ್ಧ ಉಂಡ ಎಲೆ ಬಿಟ್ಟು ಎದ್ದರು.

"ನಮ್ಮನ್ನ ಕರ್ದು ಕೂರ್ಸಿ ಯಾರು ಅಂತ ಕೇಳಿಸ್ದಂಗಾಯ್ತು ಬೀಗ್ರೆ," ಅಂದ ಬಾವನಿಗೆ. "ನಮ್ ಊಟದಲ್ಲಿ ಯಾರ್ ಯಾರ್ನ ಬೆರಸಿದ್ರಿ ಅಂತ ತಿಳ್ಕಳವರ್ಗೂ ನಮ್ಗೆ ಈ ಊಟ ಬ್ಯಾಡ. ಹೆಣ್ಣು ಸದ್ಯಕ್ಕೆ ಇಲ್ಲೇ ಇರ್ಲಿ."

ಗಂಡು ಹುಡುಗ ಒಮ್ಮೆ ಬಾಗಿಲ ಕಡೆ ನೋಡಿ, ದೊಡ್ಡಪ್ಪನ ಹಿಂದೆ ಹೋಗಿ ವ್ಯಾನು ಹತ್ತಿದ. ನಡುಮನೆಯ ಚೀಲ ಅಲ್ಲೇ ಉಳಿಯಿತು.

ನನ್ನ ಆಳುಗಳ ಜೊತೆ ಬಾವನೂ ನಿಂತು ಪಾತ್ರೆ ತೊಳೆಸಿದ. ಬೇಡ ಅಂದರೂ ಕೇಳಲಿಲ್ಲ. ಕೊನೆಗೆ ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸಿ ನನ್ನ ಮುಂದೆ ಇಟ್ಟ. "ಎಣಿಸ್ಕೊ," ಅಂದ. ಅಷ್ಟು ವರ್ಷದಲ್ಲಿ ಅವನ ಮನೆಯ ಮುಚ್ಚಳವನ್ನು ನಾನು ಎಣಿಸಿರಲಿಲ್ಲ. ಅವತ್ತೂ ಎಣಿಸಲಿಲ್ಲ. ಆದರೆ ಎಣಿಸು ಅಂದನಲ್ಲ, ಅದು ಸಾಕಾಗಿತ್ತು.

ಮುಖಂಡನಿಗೆ ಫೋನ್ ಮಾಡಿದೆ. "ಸದ್ಯಕ್ಕೆ ನನ್ ಹೆಸ್ರು ಎತ್ಬ್ಯಾಡ ಕಣಣ್ಣ," ಅಂದ. "ನೀತಿ ಸಂಹಿತೆ ಐತಲ್ಲ."

ದಿನ ಕಳೆದರೂ ಸಂತೆಬಾಚಹಳ್ಳಿ ಕಡೆಯಿಂದ ಯಾರೂ ಬರಲಿಲ್ಲ. ಡೇರಿಯ ಮುಂದೆ ನಿಂತವರು ಮಗಳು ಇನ್ನೂ ಇಲ್ಲೇ ಅವಳಾ ಅಂತ ಅಕ್ಕನನ್ನು ಕೇಳತೊಡಗಿದ್ದರಂತೆ. ಅಕ್ಕ ಹಾಲು ಹಾಕಲು ಹೋಗುವುದನ್ನೇ ಬಿಟ್ಟಳು ಎಂದು ಗೊತ್ತಾದ ದಿನ ನಾನು ಹಣ್ಣು, ಮೈಸೂರುಪಾಕು ಕಟ್ಟಿಸಿಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಮುರಿದ ಮಾತನ್ನು ಕೂಡಿಸುವುದು ನನಗೆ ಹೊಸದಲ್ಲ. ಎಷ್ಟೋ ಮನೆಗಳ ಬೀಗತನವನ್ನು ಕೂತು ಮಾತಾಡಿ ಸರಿ ಮಾಡಿಸಿದ್ದೇನೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಎಲೆಕ್ಷನ್ ಅಂದಮೇಲೆ ಇಂಥವೆಲ್ಲ ಇದ್ದದ್ದೇ, ಕರೆಯದವರು ನುಗ್ಗಿದರು, ಅಧಿಕಾರಿಗೆ ಹಿರಿಯರು ಕಿರಿಯರು ತಿಳಿಯಲಿಲ್ಲ, ಹೀಗೆ.

ಗಂಡಿನ ದೊಡ್ಡಪ್ಪ ಜಗಲಿ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಎಲ್ಲ ಕೇಳಿದ. ಆಮೇಲೆ ಕೇಳಿದ:

"ಈಗ ಬಂದಿರೋರು ಯಾರು? ಪಾತ್ರೆಯೋರಾ, ಸೋದರಮಾವನಾ?"

ನಾನು ಹಣ್ಣಿನ ಚೀಲವನ್ನು ಅವನ ಮುಂದೆ ಸರಿಸಿದೆ. ಅವನೇ ಮುಂದುವರಿಸಿದ:

"ಪಾತ್ರೆಯೋರಾದ್ರೆ ನಮ್ ಮನೆ ಮಾತು ನಿಮ್ಗ್ಯಾಕೆ? ಸೋದರಮಾವನಾದ್ರೆ, ಅವತ್ತು ಆ ಆಫೀಸರ್ ಕೇಳಿದ್ರಲ್ಲ, ಮೊದ್ಲು ಅವ್ರಿಗೆ ಹೇಳ್ಬುಟ್ಟು ಬನ್ನಿ. ಎಲ್ಲಾ ನಿಮ್ ಬಾವನ ತಲೆ ಮೇಲೆ ಬಿಟ್ಟು ಇಲ್ಲಿ ಹಣ್ಣು ಇಡ್ತೀರಾ?"

"ನಾನೇ ಮಾಡ್ಸಿದ್ದು," ಅಂದೆ. "ಬಾವನಿಗೆ ಅರ್ಧ ಮಾತು ಹೇಳಿ ಒಪ್ಪಿಸ್ದೆ. ಪಕ್ಷದೋರ್ನ ಕರ್ಕೊಂಡ್ ಬಂದೋನೂ ನಾನೇ."

"ಅದು ನಂಗೆ ಅವತ್ತೇ ಗೊತ್ತಾಯ್ತು. ನಿಮ್ ಬಾವ ಸುಳ್ಳು ಹೇಳುವಾಗ ನಿಮ್ಮ ಕಡೆ ನೋಡ್ದಂಗೆ ಹೇಳ್ತಿದ್ರು."

ಹಣ್ಣಿನ ಚೀಲವನ್ನು ಅವನು ಮುಟ್ಟಲಿಲ್ಲ. ನಾನು ವಾಪಸ್ಸು ತಂದೆ.

ಮಾರನೆಯ ದಿನ ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಆ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ. ಅಲ್ಲೂ ಒಂದು ಚೌಕಾಸಿ ಮಾಡಿದೆ. ಅಷ್ಟು ಸುಲಭಕ್ಕೆ ಬಿಟ್ಟುಹೋಗುವ ಗುಣ ಅಲ್ಲ ಅದು. ಬಾವನ ಹೆಸರು ತೆಗೆದು ನನ್ನ ಹೆಸರು ಹಾಕಿಕೊಳ್ಳಿ ಸಾರ್ ಎಂದೆ.

"ಹಾಗೆ ಬದಲಾಯಿಸೋಕೆ ಬರಲ್ಲ. ಸೇರಿಸಬಹುದು, ಅಷ್ಟೆ," ಎಂದ ಅವನು. "ಹೇಳಿಕೆ ಕೊಟ್ಟರೆ ನಿಮ್ಮ ಮೇಲೂ ಕೇಸ್ ಆಗುತ್ತೆ. ಗೊತ್ತಲ್ಲ?"

"ಗೊತ್ತು ಸಾರ್. ಸಭೇಲಿ ಮುಂದಿನ ಸಾಲಲ್ಲೇ ಕೂತಿದ್ದೆ."

"ಹುಡುಗಿಗೆ ನೀವು ಏನಾಗಬೇಕು?"

ಸೋದರಮಾವ ಎಂದು ಬರೆಸಿದೆ. ಪಾತ್ರೆಯೂ ನನ್ನದೇ ಎಂದು ಬರೆಸಿದೆ. ಮುಖಂಡ ಹೇಳಿದ್ದು, ನಾನು ಹೇಳಿಕೊಟ್ಟಿದ್ದು, ಎಲ್ಲ ಬರೆಸಿ ಸಹಿ ಹಾಕಿದೆ. ಕಚೇರಿಯಿಂದ ಆಚೆ ಬಂದಾಗ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಕೇಸಿನಲ್ಲಿ ಬಾವನ ಹೆಸರು ಇದ್ದಲ್ಲೇ ಇದೆ, ಕೆಳಗೆ ನನ್ನದು ಸೇರಿದೆ. ಈಗಲೂ ವಾಯಿದೆಗೆ ಇಬ್ಬರೂ ಹೋಗುತ್ತೇವೆ. ನಾನು ಅಡ್ವೊಕೇಟನ್ನು ಗೊತ್ತು ಮಾಡಿದ್ದೇನೆ, ಬಾವ ಬೇಡವೆನ್ನಲಿಲ್ಲ. ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತು ಹಸು ಕರು ಹಾಕಿದ್ದು, ಮಳೆ ಬಾರದ್ದು ಮಾತಾಡುತ್ತಾನೆ. ಅವನು ಒಂದು ದಿನ ಜೋರಾಗಿ ಬೈದಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಚುನಾವಣೆ ಸಮಯದಲ್ಲಿ ಕಾರ್ಯ ಇಟ್ಟುಕೊಂಡವರು ನನ್ನನ್ನು ಕೇಳಿದರೆ ಈಗ ನಾನು ಇಷ್ಟೇ ಹೇಳುವುದು: ನೀವು ಕರೆಯದವರಿಗೆ ನಿಮ್ಮ ಮನೆಯಲ್ಲಿ ಊಟ ಇಡಲು ಯಾರು ಬುದ್ಧಿ ಹೇಳಿದರೂ, ಅವನು ನನ್ನಂಥವನೇ ಆಗಿದ್ದರೂ, ಬಾಗಿಲಿಂದಲೇ ಕಳಿಸಿಬಿಡಿ.

ಓಟು ಮುಗಿದು ನೀತಿ ಸಂಹಿತೆ ಎತ್ತಿದ ಮೇಲೆ ಗಂಡಿನ ದೊಡ್ಡಪ್ಪ, ಹುಡುಗನ ಜೊತೆ ಹೆಣ್ಣನ್ನು ಕರೆದೊಯ್ಯಲು ಬಂದ. ನಾನು ಹೇಳಿಕೆ ಕೊಟ್ಟದ್ದು ಅವನ ಕಿವಿಗೂ ಬಿದ್ದಿತ್ತಂತೆ. ಊಟ ಬಾಕಿ ಇದೆಯಲ್ಲ ಬೀಗ್ರೆ ಅಂದನಂತೆ. ಬಾವ ಎರಡೂ ಮನೆಯವರಷ್ಟೇ ಕೂರುವ ಹಾಗೆ ಊಟ ಮಾಡಿಸಿದ. ನನಗೂ ಕರೆ ಬಂತು. ಪಾತ್ರೆ ಕಳಿಸಲಾ ಅಂತ ಫೋನಿನಲ್ಲಿ ಕೇಳಿದೆ. "ಬ್ಯಾಡ. ಅಕ್ಕಪಕ್ಕದ ಮನೇಲಿ ತಂದಿವ್ನಿ," ಅಂದ.

ಬರಿಗೈಯಲ್ಲಿ ಹೋಗಿ ಕೊನೆಯ ಎಲೆ ಮುಂದೆ ಕೂತೆ. ಪಕ್ಕದ ಮನೆಗಳ ತಪ್ಪಲೆಗಳು, ಒಂದೊಂದು ಒಂದೊಂದು ಆಕಾರ. ಹುಡುಗಿ ಸೆರಗು ಸಿಕ್ಕಿಸಿಕೊಂಡು ಮುದ್ದೆಯ ಬುಟ್ಟಿ ಹಿಡಿದು ಬಡಿಸುತ್ತಾ ಬಂದಳು. ನನ್ನ ಮುಂದೆ ನಿಂತಳು, ಬಡಿಸಲಿಲ್ಲ.

"ನೀವು ಯಾರ ಕಡೆಯೋರು?"

ಪಂಕ್ತಿಯೆಲ್ಲ ನಕ್ಕಿತು. ಎದುರು ಸಾಲಿನಲ್ಲಿ ಕೂತಿದ್ದ ಗಂಡಿನ ದೊಡ್ಡಪ್ಪ, "ಬುಡಬ್ಯಾಡ ಕಣವ್ವ, ಹೆಸ್ರೂ ಕೇಳು," ಅಂದ. ನಾನೂ ನಕ್ಕೆ. ಅವಳೊಬ್ಬಳೇ ನಗದೆ, ಬುಟ್ಟಿ ಹಿಡಿದು ಕಾಯುತ್ತಿದ್ದಳು.

"ನಿನ್ ಸೋದರಮಾವ ಕಣವ್ವ," ಅಂದೆ.

ಬಿಸಿ ಮುದ್ದೆಯನ್ನು ನನ್ನ ಎಲೆಗೆ ಹಾಕಿದಳು. ಪಕ್ಕದ ಎಲೆಯ ಕಡೆ ತಿರುಗುತ್ತಾ, ನನಗಷ್ಟೇ ಕೇಳುವ ಹಾಗೆ ಅಂದಳು:

"ಇಷ್ಟೇಯ ಮಾವ, ಅವತ್ತೂ ಅನ್ಬೇಕಾಗಿದ್ದಿದ್ದು."